ಮ್ಯೂನಿಕ್‌ನಲ್ಲಿ ಸೈಕಲ್ ಮೇಲೆ ಕೆಲಸಕ್ಕೆ: ಹೊಸಬರಿಗೆ ಮಾರ್ಗದರ್ಶಿ

ಹೈಸ್ಕೂಲು ಬಿಟ್ಟ ಮೇಲೆ ಸೈಕಲ್ ಮುಟ್ಟದವರೂ ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ಒಂದು ಕೊಳ್ಳುತ್ತಾರೆ. ಖಂಡಿತ ಕೊಳ್ಳಿ. ಊರು ಸಮತಟ್ಟಾಗಿದೆ, ಈಸಾರ್ ನದಿಯ ಪಕ್ಕದ ದಾರಿ ಬೆಳಗಿನ ಹೊತ್ತು ಬಹಳ ಚೆಂದ. ಆದರೆ ಮೊದಲು ಇಲ್ಲಿನ ದಾರಿಯ ರೀತಿ ತಿಳಿದುಕೊಳ್ಳಿ.

ಸೈಕಲ್ ದಾರಿ ಯಾವುದು?

ಇಲ್ಲಿ ಅದಕ್ಕೆ ರಾಡ್‌ವೆಗ್ ಅನ್ನುತ್ತಾರೆ. ಎಷ್ಟೋ ಕಡೆ ಅದು ಫುಟ್‌ಪಾತಿಗೆ ಅಂಟಿಕೊಂಡೇ ಇರುತ್ತದೆ. ನಡುವೆ ಒಂದು ಗೆರೆಯೋ ಬೇರೆ ಬಣ್ಣದ ಕಲ್ಲೋ ಇರುತ್ತದೆ, ಅಷ್ಟೇ. ನಮ್ಮ ಕನ್ನಡ ಸಂಘದವರು ಕಾರ್ಯಕ್ರಮ ಮುಗಿಸಿ ಹಾಲ್‌ನಿಂದ ಹೊರಗೆ ಬಂದು, ಮಕ್ಕಳ ಗಾಡಿ, ಊಟದ ಪಾತ್ರೆಗಳ ಸಮೇತ ಅದರ ಮೇಲೇ ಅರ್ಧ ಗಂಟೆ ಮಾತಾಡುತ್ತಾ ನಿಲ್ಲುತ್ತಾರೆ. ಯಾರಾದರೂ ಬೆಲ್ ಹೊಡೆದರೆ ಬೇಜಾರು ಮಾಡಿಕೊಳ್ಳುತ್ತಾರೆ. ತಪ್ಪು ನಮ್ಮದೇ ಅಲ್ವಾ? ದಯವಿಟ್ಟು ಒಳಗೆ ನಿಂತು ಮಾತಾಡಿ. ಕನ್ನಡದವರು ಅಚ್ಚುಕಟ್ಟು ಅನ್ನುವ ಹೆಸರು ಉಳಿಯಲಿ.

2019ರಲ್ಲಿ ಒಳ್ಳೆಯ ಸೈಕಲ್ ದಾರಿ ಬೇಕೆಂದು ಇಲ್ಲಿನ ಜನ ಲಕ್ಷಕ್ಕೂ ಮೀರಿ ಸಹಿ ಹಾಕಿದರು. ನಗರಸಭೆ ಒಪ್ಪಿತು. ಅದೇ ವರ್ಷ ಫ್ರೌನ್‌ಹೋಫರ್ ರಸ್ತೆಯಲ್ಲಿ ಕಾರು ನಿಲ್ಲಿಸುವ ಜಾಗ ತೆಗೆದು, ಎರಡೂ ಬದಿಗೆ ಕೆಂಪು ಬಣ್ಣದ ಸೈಕಲ್ ಪಟ್ಟಿ ಮಾಡಿದರು. ಜನ ಕೇಳಿ ಪಡೆದ ದಾರಿ ಇದು. ಮರ್ಯಾದೆ ಕೊಟ್ಟು ಬಳಸಿ.

ನೀಲಿ ದುಂಡು ಫಲಕದಲ್ಲಿ ಬಿಳಿ ಸೈಕಲ್ ಇದ್ದರೆ ಆ ದಾರಿಯಲ್ಲೇ ಹೋಗಬೇಕು, ರಸ್ತೆಗೆ ಇಳಿಯುವಂತಿಲ್ಲ. "ಎರಡೇ ನಿಮಿಷ" ಅಂತ ಎದುರು ದಿಕ್ಕಿನಲ್ಲಿ ಬರಬೇಡಿ. ದಂಡ ಇದೆ. ಅದಕ್ಕಿಂತ ಮುಖ್ಯ, ತಿರುವಿನಲ್ಲಿ ಕಾರಿನವರು ನಿಮ್ಮನ್ನು ಆ ಕಡೆಯಿಂದ ನಿರೀಕ್ಷಿಸಿರುವುದಿಲ್ಲ.

ಟ್ರಾಮ್ ಹಳಿ

ಇದನ್ನು ಎರಡು ಸಲ ಓದಿ. ನಾನು ಬಂದ ವರ್ಷದ ಅಕ್ಟೋಬರ್. ಸಣ್ಣ ಮಳೆ, ಆಫೀಸಿಗೆ ತಡವಾಗಿತ್ತು. ನಿಂತಿದ್ದ ವ್ಯಾನ್ ದಾಟಲು ಹಳಿಯ ಉದ್ದಕ್ಕೇ ಸೈಕಲ್ ಓರೆ ಮಾಡಿದೆ. ಮುಂದಿನ ಚಕ್ರ ಹಳಿಯ ಸಂದಿಗೆ ಸಿಕ್ಕಿತು. ಬಿದ್ದದ್ದೇ ಗೊತ್ತಾಗಲಿಲ್ಲ. ಮೊಣಕೈ ಮುರಿದು ಆರು ವಾರ ಪಟ್ಟಿ. ಮನೆಯವಳು ಐದು ತಿಂಗಳ ಬಸುರಿ, ಭಾಷೆ ಬಾರದ ಊರು. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಲೂ ಆಗಲಿಲ್ಲ. ಹಳಿಯನ್ನು ಯಾವಾಗಲೂ ಅಡ್ಡಡ್ಡ ದಾಟಿ. ಮಳೆಯಿದ್ದರೆ ಹಳಿಯ ಮೇಲೆ ಬ್ರೇಕ್ ಹಿಡಿಯಬೇಡಿ. ಅನುಮಾನ ಬಂದರೆ ಇಳಿದು ತಳ್ಳಿಕೊಂಡು ಹೋಗಿ. ಯಾರೂ ನಗುವುದಿಲ್ಲ.

ಬಲಕ್ಕೆ ತಿರುಗುವ ಲಾರಿಯ ಪಕ್ಕ ಎಂದೂ ನಿಲ್ಲಬೇಡಿ. ಹಸಿರು ದೀಪ ನಿಮಗಿದ್ದರೂ ಚಾಲಕನ ಕಣ್ಣಿಗೆ ನೀವು ಬೀಳದಿರಬಹುದು. ಹಿಂದೆಯೇ ನಿಂತು ಅವನನ್ನು ಹೋಗಲು ಬಿಡಿ.

ಉಳಿದವು

- ಫಲಕ, ಸಿಗ್ನಲ್ ಇಲ್ಲದ ಕೂಡುರಸ್ತೆ: ಬಲಗಡೆಯಿಂದ ಬರುವವರಿಗೆ ಮೊದಲು ದಾರಿ.
- ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಬೆಲ್.
- ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿದರೆ 55 ಯೂರೋ. ಕೆಂಪು ದೀಪ ದಾಟಿದರೆ 60ರಿಂದ ಮೇಲೆ.
- 8 ವರ್ಷದೊಳಗಿನ ಮಕ್ಕಳು ಫುಟ್‌ಪಾತ್ ಮೇಲೆ. ಜೊತೆಗೆ ಒಬ್ಬ ದೊಡ್ಡವರೂ ಹೋಗಬಹುದು.
- ಹೆಲ್ಮೆಟ್ ಕಡ್ಡಾಯವಲ್ಲ. ಆದರೂ ಹಾಕಿ.
- ಎಸ್‌-ಬಾನ್ (ಲೋಕಲ್ ರೈಲು), ಯು-ಬಾನ್ (ಮೆಟ್ರೋ): ಕೆಲಸದ ದಿನ ಬೆಳಿಗ್ಗೆ 6ರಿಂದ 9 ಸೈಕಲ್ ಒಳಗೆ ಬಿಡುವುದಿಲ್ಲ. ಮಡಚುವ ಸೈಕಲ್ ಮಡಚಿದರೆ ಪರವಾಗಿಲ್ಲ.
- ಬೀಗ: ಚೌಕಟ್ಟನ್ನೇ ಕಂಬಕ್ಕೆ ಸೇರಿಸಿ ಹಾಕಿ, ಬರೀ ಚಕ್ರಕ್ಕಲ್ಲ.
- ಹಾಫ್ಟ್‌ಫ್ಲಿಖ್ಟ್ ವಿಮೆ (ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆ) ಮಾಡಿಸಿ. ನೀವು ಯಾರಿಗಾದರೂ ಗುದ್ದಿದರೆ ಅದೇ ಕಾಯುವುದು.

ಕೆಲಸಕ್ಕೆ ಹೊರಡುವ ಮುಂಚೆ ಒಂದು ಭಾನುವಾರ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ ಬನ್ನಿ. ಜೊತೆ ಬೇಕಾದರೆ ಸಂಘದ ಗುಂಪಿನಲ್ಲಿ ಕೇಳಿ, ನಾನು ಬರುತ್ತೇನೆ.