ಚಿಕ್ಕ ಮಕ್ಕಳ ಜೊತೆ ಮುಂಬೈ: ಲೋಕಲ್ ರೈಲಿನ ಹೊತ್ತು ನೋಡಿ ಸುತ್ತಿದ್ದು

ಮಕ್ಕಳನ್ನು ಕರೆದುಕೊಂಡು ಮುಂಬೈಗೆ ಹೊರಟಿದ್ದೇವೆ ಅಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು. ಆ ಲೋಕಲ್ ರೈಲಿನ ರಶ್ಶಲ್ಲಿ ಈ ಪುಟಾಣಿಗಳನ್ನು ಏನು ಮಾಡ್ತೀರಿ ಅಂತ. ಮಗಳಿಗೆ ಏಳು ವರ್ಷ, ಮಗನಿಗೆ ಮೂರೂವರೆ. ಅವರ ಚಿಂತೆ ಸುಳ್ಳಲ್ಲ. ಆದರೂ ಹೋಗಿ ಬಂದ ಮೇಲೆ ನಾನು ಹೇಳುವುದು ಇಷ್ಟು: ಮಕ್ಕಳಿಗೆ ಮುಂಬೈಯಲ್ಲಿ ನೋಡಲು ಸಿಗುವ ಅತಿ ಚಂದದ ವಸ್ತು ಆ ಲೋಕಲ್ ರೈಲೇ. ಹೊತ್ತು ನೋಡಿ ಹತ್ತಬೇಕು, ಅಷ್ಟೇ.

ಆ ಊರಿನಲ್ಲಿ ಜನ ಓಡಾಡುವುದಕ್ಕೆ ಒಂದು ದಿಕ್ಕಿದೆ. ಬೆಳಗ್ಗೆ ಸುಮಾರು ಎಂಟರಿಂದ ಹನ್ನೊಂದರವರೆಗೆ ಎಲ್ಲರೂ ಉತ್ತರದಿಂದ ದಕ್ಷಿಣಕ್ಕೆ, ಅಂದರೆ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಮತ್ತು ಚರ್ಚ್‌ಗೇಟ್ ಅನ್ನುವ ಕೊನೆಯ ಸ್ಟೇಷನ್ನುಗಳ ಕಡೆಗೆ ಹೋಗುತ್ತಾರೆ. ಸಂಜೆ ಐದರಿಂದ ಒಂಬತ್ತರವರೆಗೆ ಅದೇ ಜನ ವಾಪಸ್. ಹಾಗಾಗಿ ನಾವು ಮನೆಯಲ್ಲೇ ಲೆಕ್ಕ ಹಾಕಿಕೊಂಡೆವು. ಹನ್ನೊಂದರ ನಂತರ ಹೊರಡುವುದು, ನಾಲ್ಕರೊಳಗೆ ವಾಪಸ್ ರೈಲು ಹತ್ತುವುದು. ದಿನಕ್ಕೆ ಒಂದೇ ಜಾಗ. ಇಷ್ಟು ದೂರ ಹೋಗಿ ಒಂದೇ ಜಾಗವಾ ಅಂತ ದೊಡ್ಡವರಿಗೆ ಅನಿಸಬಹುದು. ಮಕ್ಕಳಿಗೆ ಅದೇ ಜಾಸ್ತಿ.

ಇನ್ನು ಉಳಿಯುವ ಜಾಗ. ನಾವು ಮಾಟುಂಗದಲ್ಲಿ ರೂಮು ಮಾಡಿದೆವು. ಕೊಲಾಬಾ, ಫೋರ್ಟ್ ಕಡೆ ಉಳಿದರೆ ನೋಡುವ ಜಾಗಗಳು ಹತ್ತಿರ, ನಿಜ. ಆದರೆ ಚಿಕ್ಕ ಮಕ್ಕಳಿಗೆ ಹೊಟ್ಟೆಯ ಪ್ರಶ್ನೆ ದೊಡ್ಡದು. ಮಾಟುಂಗದಲ್ಲಿ ಇಡ್ಲಿ, ದೋಸೆ, ಮೊಸರನ್ನಕ್ಕೆ ಹುಡುಕಾಟವೇ ಬೇಡ. ನಮ್ಮ ಕರಾವಳಿಯವರು ಎಷ್ಟೋ ದಶಕದಿಂದ ಅಲ್ಲಿ ಹೋಟೆಲ್ ನಡೆಸುತ್ತಾ ಬಂದಿದ್ದಾರೆ. ರಾಮ ನಾಯಕರು 1942ರಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮಾಟುಂಗ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಬಾಳೆಲೆ ಊಟ. ಸೋಮವಾರ ರಜೆ. ಮಗ ಮನೆಯಲ್ಲೂ ಅಷ್ಟು ಅನ್ನ ಉಂಡವನಲ್ಲ! ಸಂಜೆ ರೂಮಿಗೆ ಬಂದ ಮೇಲೆ ಮಕ್ಕಳು ಓಡಾಡಲು ಫೈವ್ ಗಾರ್ಡನ್ಸ್ ಇದೆ. ನೆರಳು, ಮರ, ಸ್ವಲ್ಪ ಶಾಂತಿ.

ಮಾಟುಂಗ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸೆಂಟ್ರಲ್ ಲೈನಿನಲ್ಲಿ ಅಲ್ಲಿಂದ ಸ್ಲೋ ರೈಲು, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ರೈಲು, ಹತ್ತಿ ಸುಮ್ನೆ ಕೂತರೆ ಸಾಕು. ಬೈಕಲಾದಲ್ಲಿ ಇಳಿದರೆ ಪ್ರಾಣಿಸಂಗ್ರಹಾಲಯ, ಕೊನೆಯವರೆಗೆ ಹೋದರೆ ಸಿಎಸ್‌ಎಂಟಿ. ಎಲ್ಲೂ ಬದಲಾಯಿಸಬೇಕಿಲ್ಲ. ದಾದರ್, ಪರೇಲ್, ಕರಿ ರೋಡ್, ಚಿಂಚ್‌ಪೋಕ್ಲಿ ಅಂತ ಮಗಳು ಎರಡನೇ ಸಲಕ್ಕೇ ಬಾಯಿಪಾಠ ಮಾಡಿದಳು. 'ಪುಢೀಲ್ ಸ್ಟೇಷನ್' ಅನ್ನುವ ಮರಾಠಿ ಘೋಷಣೆಯನ್ನು ಮಗ ಊರಿಗೆ ಬಂದ ಮೇಲೂ ಹೇಳುತ್ತಿದ್ದ.

ಈಗ ಹತ್ತುವ ಇಳಿಯುವ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಅಪಾಯ ಇರುವುದೇ ಇಲ್ಲಿ. ಲೋಕಲ್ ಒಂದು ಸ್ಟೇಷನ್ನಿನಲ್ಲಿ ನಿಲ್ಲುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಎಸಿ ಲೋಕಲ್ ಬಿಟ್ಟರೆ ಬಾಗಿಲು ಮುಚ್ಚುವುದಿಲ್ಲ. ನಾವು ಮಾಡಿದ ಕ್ರಮ ಹೀಗೆ. ಹತ್ತುವಾಗ ಮೊದಲು ಯಜಮಾನರು ಮಗನನ್ನು ಎತ್ತಿಕೊಂಡು ಒಳಗೆ, ನಡುವೆ ಮಗಳು, ಕೊನೆಗೆ ನಾನು. ಇಳಿಯುವಾಗಲೂ ಅದೇ ಸಾಲು. ಮಕ್ಕಳ ಹಿಂದೆ ಯಾವಾಗಲೂ ಒಬ್ಬ ದೊಡ್ಡವರು ಇರಲೇಬೇಕು. ಇಳಿಯುವ ಸ್ಟೇಷನ್ನಿಗೆ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಹತ್ತಿರ ಬರುತ್ತಿದ್ದೆವು. ಯಾವ ಬದಿಗೆ ಪ್ಲಾಟ್‌ಫಾರ್ಮ್ ಬರುತ್ತದೆ ಅಂತ ಪಕ್ಕದವರನ್ನು ಕೇಳಿ. ಎಷ್ಟು ಅವಸರದಲ್ಲಿದ್ದರೂ ಮುಂಬೈಯವರು ಹೇಳುತ್ತಾರೆ. ಮಗು ಕಂಡರೆ ಎದ್ದು ಜಾಗವನ್ನೂ ಕೊಡುತ್ತಾರೆ. ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನಲ್ಲಿ 'ಎಸ್' ಅಂದರೆ ಸ್ಲೋ, 'ಎಫ್' ಅಂದರೆ ಫಾಸ್ಟ್. ಅದನ್ನು ಓದುವ ಕೆಲಸ ಮಗಳದ್ದು. ಕೆಲಸ ಕೊಟ್ಟರೆ ಆ ವಯಸ್ಸಿನ ಮಕ್ಕಳು ಕೈಬಿಟ್ಟು ಓಡುವುದಿಲ್ಲ.

ನಾವು ಫಸ್ಟ್ ಕ್ಲಾಸ್ ಟಿಕೆಟ್ ತೆಗೆದುಕೊಂಡೆವು. ಸೆಕೆಂಡ್ ಕ್ಲಾಸಿಗಿಂತ ದರ ಎಷ್ಟೋ ಪಟ್ಟು ಜಾಸ್ತಿ. ಆದರೆ ಮಧ್ಯಾಹ್ನದ ಹೊತ್ತು ಕೂರಲು ಜಾಗ ಖಂಡಿತ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ವಾಪಸ್ ಬರುವಾಗ ಸಿಎಸ್‌ಎಂಟಿಯಿಂದಲೇ ರೈಲು ಹೊರಡುವುದರಿಂದ ಅದು ಖಾಲಿ ಆಗುವುದನ್ನು ನೋಡಿ ನಿಧಾನಕ್ಕೆ ಹತ್ತಿ ಕಿಟಕಿ ಹಿಡಿಯಬಹುದು. ಒಂದು ನೆನಪಿರಲಿ, ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ. ಮ್ಯೂಸಿಯಂ ಬಿಡುವ ಮೊದಲು, ಹೋಟೆಲಿನಿಂದ ಏಳುವ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಅವರು 'ಬರ್ತಿಲ್ಲ' ಅಂದರೂ!

ತಪ್ಪಿಸಿಕೊಂಡರೆ ಏನು ಮಾಡಬೇಕು ಅಂತ ಮಗಳಿಗೆ ಊರಲ್ಲೇ ಹೇಳಿಕೊಟ್ಟಿದ್ದೆ. ನೀನು ಇಳಿದು ನಾವು ರೈಲಲ್ಲೇ ಉಳಿದರೆ, ಅಲ್ಲೇ ನಿಂತಿರು, ನಾವು ಮುಂದಿನ ಸ್ಟೇಷನ್ನಿನಿಂದ ವಾಪಸ್ ಬರುತ್ತೇವೆ. ನೀನು ರೈಲಲ್ಲೇ ಉಳಿದರೆ, ಮುಂದಿನ ಸ್ಟೇಷನ್ನಿನಲ್ಲಿ ಪಕ್ಕದ ಆಂಟಿಗೆ ಹೇಳಿ ಇಳಿದು ಅಲ್ಲೇ ನಿಲ್ಲು. ಇದನ್ನು ಮನೆಯಲ್ಲಿ ಎರಡು ಕುರ್ಚಿ ಇಟ್ಟು ಆಟದ ಹಾಗೆ ಆಡಿಸಿದೆವು. ಇಬ್ಬರ ತೋಳ ಮೇಲೂ ದಿನಾ ಬೆಳಗ್ಗೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯುತ್ತಿದ್ದೆ. ರೈಲ್ವೆಯ ಸಹಾಯವಾಣಿ 139 ನಮ್ಮ ಫೋನಲ್ಲಿತ್ತು. ಮಗುವನ್ನು ಕೂರಿಸಿ ತಳ್ಳುವ ಗಾಡಿ ಒಯ್ಯಲಿಲ್ಲ. ಸ್ಟೇಷನ್ ಸೇತುವೆಗಳ ಮೆಟ್ಟಿಲು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಚೀಲವೇ ಸರಿ.

ಬೈಕಲಾದ ಪ್ರಾಣಿಸಂಗ್ರಹಾಲಯ ರಾಣಿಬಾಗ್‌ಗೆ ಹೋದ ದಿನ ಮಗನ ದಿನ. ಅಲ್ಲಿನ ಹಂಬೋಲ್ಟ್ ಪೆಂಗ್ವಿನ್‌ಗಳು 2017ರಿಂದ ಜನರಿಗೆ ನೋಡಲು ಸಿಗುತ್ತಿವೆ. ಇವು ಹಿಮದ ಊರಿನವಲ್ಲ, ಪೆರು ಮತ್ತು ಚಿಲಿಯ ಕಡಲತೀರದವು. ಗಾಜಿನಾಚೆ ನೀರಿನೊಳಗೆ ಅವು ಈಜುವುದನ್ನು ನೋಡುತ್ತಾ ಅವನು ಕದಲಲೇ ಇಲ್ಲ. ನಾವೂ ಎಬ್ಬಿಸಲಿಲ್ಲ. ಉಳಿದ ಪ್ರಾಣಿಗಳನ್ನು ಅರ್ಧಕ್ಕೇ ಬಿಟ್ಟು ಬಂದೆವು, ಬೇಸರವಿಲ್ಲ. ಬುಧವಾರ ರಜೆ, ನೋಡಿಕೊಂಡು ಹೋಗಿ.

ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ದಾದರ್‌ನಿಂದ ಭೂಗತ ಮೆಟ್ರೋ ಹಿಡಿದೆವು. ಆಕ್ವಾ ಲೈನ್ ಅನ್ನುವ ಈ ಮೆಟ್ರೋ ಪೂರ್ತಿಯಾಗಿ ಓಡಲು ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಲಿಫ್ಟ್ ಇದೆ, ತಂಪಾಗಿದೆ, ಮಕ್ಕಳಿಗೆ ಸುಖ. ವಿಜ್ಞಾನ ಕೇಂದ್ರದಲ್ಲಿ ಮುಟ್ಟಬೇಡ ಅನ್ನುವವರಿಲ್ಲ, ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡುವುದೇ ಅಲ್ಲಿಯ ಪಾಠ. ಅಂಗಳದಲ್ಲಿ ಹಳೆಯ ಉಗಿ ಇಂಜಿನ್ ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಮಾರುತ್ ಯುದ್ಧವಿಮಾನವೂ ಇದೆ. ಅದರ ಮುಂದೆ ಮಗಳ ಫೋಟೋ ತೆಗೆದೆವು.

ಎಲಿಫೆಂಟಾ ದ್ವೀಪದ ಗುಹೆಗಳನ್ನು ನೋಡುವುದು ಬಿಟ್ಟೆವು. ಇದಕ್ಕೆ ಕೆಲವರು ಬೈದರು. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ನಡುವೆ 120 ಮೆಟ್ಟಿಲು. ಮೂರೂವರೆ ವರ್ಷದವನಿಗೆ ಅಲ್ಲಿಯ ಶಿವನ ಶಿಲ್ಪಕ್ಕಿಂತ ದಾರಿಯ ಆಯಾಸವೇ ನೆನಪಿರುತ್ತದೆ, ಅಲ್ವಾ? ಅವನಿಗೆ ಎಂಟು ತುಂಬಲಿ, ಆಗ ಹೋಗೋಣ. ಗೇಟ್‌ವೇ ಆಫ್ ಇಂಡಿಯಾ ಹತ್ತಿರ ನಿಂತು ದೋಣಿಗಳನ್ನು ನೋಡಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ನಡೆದೆವು. ಅಲ್ಲಿ ಮಕ್ಕಳಿಗೆಂದೇ ಬೇರೆ ಮ್ಯೂಸಿಯಂ ಇದೆ, 2019ರಲ್ಲಿ ತೆರೆದದ್ದು.

ಭಾನುವಾರ ಮಾತ್ರ ಲೋಕಲ್ ನಂಬಿಕೊಂಡು ಹೊರಡಬೇಡಿ. ಹಳಿ ರಿಪೇರಿಗೆ 'ಮೆಗಾ ಬ್ಲಾಕ್' ಅಂತ ಹಗಲು ಹೊತ್ತಿನಲ್ಲಿ ಕೆಲವು ಲೈನುಗಳನ್ನು ನಿಲ್ಲಿಸುತ್ತಾರೆ. ಯಾವ ಲೈನು, ಎಷ್ಟು ಹೊತ್ತು ಅಂತ ಹಿಂದಿನ ದಿನವೇ ಸುದ್ದಿಯಲ್ಲಿ ಬರುತ್ತದೆ. ಹಾಗಾಗಿ ಆ ದಿನ ಬೆಳಗ್ಗೆ ಬೇಗ ಟ್ಯಾಕ್ಸಿಯಲ್ಲಿ ಮರೀನ್ ಡ್ರೈವ್‌ಗೆ ಹೋದೆವು. ಆಮೇಲೆ ಮುಂಬೈನ ನಗರ ಸಾರಿಗೆ ಬೆಸ್ಟ್‌ನ ಎಸಿ ಡಬಲ್ ಡೆಕ್ಕರ್ ಬಸ್ಸು. ಮೇಲಿನ ಮುಂದಿನ ಸೀಟಿಗಾಗಿ ಒಂದು ಬಸ್ಸು ಬಿಟ್ಟು ಕಾದೆವು. ಕಾಯಬೇಕು, ಆ ಸೀಟಿನಿಂದ ಕಾಣುವ ಫೋರ್ಟ್‌ನ ಕಲ್ಲಿನ ಕಟ್ಟಡಗಳು ಬೇರೆಯೇ.

ಊರಿನಿಂದ ಹೋಗಿ ಬರಲು ಮತ್ಸ್ಯಗಂಧ ರೈಲು. ಕುಂದಾಪುರದಲ್ಲಿ ಸಂಜೆ ಹತ್ತಿದರೆ ಮಕ್ಕಳು ಏಳುವಾಗ ಮುಂಬೈ. ಅದು ಕೊನೆಗೆ ನಿಲ್ಲುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಬ್ಯಾಗು, ನಿದ್ದೆಗಣ್ಣಿನ ಮಕ್ಕಳು ಎರಡನ್ನೂ ಹಿಡಿದುಕೊಂಡು ಬೆಳಗಿನ ಲೋಕಲ್ ಹತ್ತಬೇಡಿ. ಅಲ್ಲಿಂದ ಮಾಟುಂಗಕ್ಕೆ ಟ್ಯಾಕ್ಸಿ ಮಾಡಿ. ವಾಪಸ್ ಹೊರಡುವ ದಿನವೂ ಅಷ್ಟೇ. ವಾಪಸ್ ರೈಲು ಮಧ್ಯಾಹ್ನವೇ ಹೊರಡುತ್ತದೆ. ಆ ದಿನ ಏನನ್ನೂ ನೋಡುವ ಯೋಜನೆ ಹಾಕದೆ, ಹೋಟೆಲಿನಿಂದ ಮಕ್ಕಳಿಗೆ ರಾತ್ರಿಗೆ ಇಡ್ಲಿ ಕಟ್ಟಿಸಿಕೊಂಡು ರೈಲಿನ ಹೊತ್ತಿಗಿಂತ ಎರಡು ಗಂಟೆ ಮೊದಲೇ ಹೊರಟುಬಿಡಿ.