ತೆಪ್ಪದ ಮೇಲಿಂದಲೇ ತುಂಗಭದ್ರೆಯ ನೀರುಗಿಡ ಅಳೆದದ್ದು

ಹಂಪಿಯಿಂದ ಕಂಪ್ಲಿವರೆಗೆ ದುಂಡನೆಯ ತೆಪ್ಪದಲ್ಲಿ ಕೂತು, ರೇಕ್ (ಹಲ್ಲಿರುವ ಕುಂಟೆ) ಎಸೆದು, ಅದಕ್ಕೆ ಸಿಕ್ಕಿ ಬಂದದ್ದನ್ನು ನೋಡಿ ನೀರುಗಿಡಗಳ ಲೆಕ್ಕ ತೆಗೆಯುತ್ತೇನೆ ಎಂದಾಗ ಈ ಕೆಲಸ ಬಲ್ಲವರೇ ನಂಬಲಿಲ್ಲ. ಮಿಸಿಸಿಪ್ಪಿ ನದಿಯಲ್ಲಿ 1998ರಿಂದ ರೇಕ್ ಪದ್ಧತಿ ನಡೆಯುತ್ತಿದೆ, ನಿಜ. ಆದರೆ ಅಲ್ಲಿ ಮೋಟಾರ್ ದೋಣಿ. ಇಲ್ಲಿ ಬಂಡೆ, ಸುಳಿ, ಮೇಲಿಂದ ಅಣೆಕಟ್ಟಿನವರು ಬಿಟ್ಟಷ್ಟು ನೀರು. ಈಗ ಕೇಳಿ: ಹೋದ ವರ್ಷ ಬೇರೊಂದು ತಂಡ ನನ್ನ ಜಾಗಗಳಲ್ಲೇ ರೇಕ್ ಹಾಕಿ ನೋಡಿತು. ಹತ್ತರಲ್ಲಿ ಎಂಟು ಕಡೆ, ಗಿಡ ಎಷ್ಟಿದೆ ಎನ್ನುವುದಕ್ಕೆ ನಾನು ಕೊಟ್ಟಿದ್ದ ಅಂಕವೇ ಬಂತು.

ಮೊದಲು ದುಡ್ಡು ಹೋದದ್ದು ಡ್ರೋನಿಗೆ. ದಿನಕ್ಕೆ ಎಂಟು ಸಾವಿರದ ಹತ್ತಿರ ಬಾಡಿಗೆ. ಬಿಸಿಲಿನ ಹೊಳಪು ಬಿಟ್ಟರೆ ಮೇಲಕ್ಕೆ ಬಂದ ಹೈಡ್ರಿಲ್ಲಾ ಎಂಬ ನೀರುಗಿಡ ಮಾತ್ರ ಕಂಡಿತು. ಕೆಳಗಿನ ವ್ಯಾಲಿಸ್ನೇರಿಯಾ ಎಂಬ ಇನ್ನೊಂದು ನೀರುಗಿಡ ಯಾವುದು, ಪಾಚಿ ಯಾವುದು ಗೊತ್ತಾಗಲಿಲ್ಲ. ಮೊಸಳೆ ಇರುವ ಹೊಳೆ, ಹಾಗಾಗಿ ಮುಳುಗಿ ತಳದಲ್ಲಿ ಚೌಕಟ್ಟು ಇಟ್ಟು, ಅದರೊಳಗಿನ ಗಿಡ ಲೆಕ್ಕ ಹಾಕುವ ಮಾತೇ ಇಲ್ಲ. ಮೇಲಾಗಿ ಅಣೆಕಟ್ಟಿನಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳಿಗೆ ಮೀಸಲು. ಅಲ್ಲಿ ಮೋಟಾರ್ ಸದ್ದು ಮಾಡಲು ನನಗೇ ಮನಸ್ಸಿರಲಿಲ್ಲ.

ಉಳಿದದ್ದು ತೆಪ್ಪ. ಲಂಗರಿಗೆ ಕಲ್ಲು ಕಟ್ಟಿದರೆ ಹಾಸುಬಂಡೆಯ ಮೇಲೆ ಜಾರುತ್ತಿತ್ತು. ಹಗ್ಗ ಕಟ್ಟಿದರೆ ತೆಪ್ಪ ವಾಲುತ್ತಿತ್ತು. ಕೊನೆಗೆ ತೆಪ್ಪದಣ್ಣನೇ ಹೇಳಿದರು: "ತೆಪ್ಪ ನಿಂದ್ರಂಗಿಲ್ರಿ ಸರ. ತಿರುಗೂದ ಅದರ ಗುಣ." ಸರಿ, ತಿರುಗಲಿ ಎಂದೆ. ಒಂದು ಸುತ್ತು ತಿರುಗುವಷ್ಟರಲ್ಲಿ ಸುತ್ತಲೂ ಆರು ಎಸೆತ. ರೇಕ್ ಪದ್ಧತಿಯಲ್ಲಿ ದೋಣಿಯ ಸುತ್ತ ಆರು ಕಡೆ ಎಸೆಯಬೇಕು, ನಮಗೆ ಬೇಕಿದ್ದದ್ದೂ ಅದೇ ಅಲ್ವಾ? ತಿರುಗುವ ವೇಗ ಕಡಿಮೆ ಮಾಡಲು ಅವರು ಹುಟ್ಟನ್ನು ಎಲ್ಲಿ, ಹೇಗೆ ಊರುತ್ತಾರೆ ಅನ್ನುವುದು ಅವರ ಕಸುಬಿನ ಗುಟ್ಟು. ಅದನ್ನು ಬರೆಯುವುದಿಲ್ಲ.

ರೇಕ್ ಮಾಡಿಸಿದ್ದು ಹೊಸಪೇಟೆಯಲ್ಲಿ. ಎರಡು ರೇಕ್ ಬೆನ್ನಿಗೆ ಬೆನ್ನು ಕೂಡಿಸಿ ವೆಲ್ಡಿಂಗ್. ಅಂಗಡಿಯಲ್ಲಿ ಸಿಗುವ ರೇಕಿನ ಹಲ್ಲು ಬಂಡೆ ಸಂದಿಗೆ ಸಿಕ್ಕಿ ಮಡಚಿಕೊಂಡಿತು. ಆಮೇಲೆ ಎಂಟು ಎಂಎಂ ಸರಳಿನ ಹಲ್ಲು ಹಾಕಿಸಿದೆ. ಎಲ್ಲಾ ಸೇರಿ ಎರಡು ಸಾವಿರ ಆಗಿರಬೇಕು. ರೇಕಿನ ಹಲ್ಲಿನ ಮೇಲೆ ಗಿಡ ಯಾವ ಗುರುತಿನವರೆಗೆ ತುಂಬಿದೆ ಎಂದು ನೋಡಿ ಐದರಲ್ಲಿ ಅಂಕ ಕೊಡುವುದು ಈ ಪದ್ಧತಿ. ಆದರೆ ಹಲ್ಲಿಗೆ ಬಣ್ಣದ ಗುರುತು ಹಾಕಬೇಡಿ, ಎರಡೇ ದಿನದಲ್ಲಿ ಬಂಡೆ ತಿಕ್ಕಿ ಹೋಗುತ್ತದೆ. ಅರ ಹಿಡಿದು ಕಚ್ಚು ಹಾಕಿಸಿ. ರೇಕ್ ಕವುಚಿ ಬೀಳದಂತೆ ಎಷ್ಟು ತೂಕ, ಎಲ್ಲಿ ಕಟ್ಟಿದ್ದೇನೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ತಲೆನೋವು ವ್ಯಾಲಿಸ್ನೇರಿಯಾ. ಅದರ ಎಲೆ ರಿಬ್ಬನ್ನಿನಂತೆ ನುಣುಪು. ರೇಕ್ ಎಳೆದರೆ ಹಲ್ಲಿನ ನಡುವಿಂದ ಜಾರಿ, ಹರಿದ ತುದಿಗಳಷ್ಟೇ ಮೇಲೆ ಬರುತ್ತವೆ. ಹೈಡ್ರಿಲ್ಲಾ ಹಾಗಲ್ಲ. ಬೆರಳಿಗೇ ತರಿತರಿ ಹತ್ತುವ ಎಲೆ, ಒಂದು ಎಳೆ ಸಿಕ್ಕರೆ ನಾಲ್ಕನ್ನು ಎಳೆದು ತರುತ್ತದೆ. ಅಂಕ ಹಾಗೇ ಬರೆದರೆ ಹೊಳೆ ತುಂಬಾ ಹೈಡ್ರಿಲ್ಲಾ ಎಂದಾಗುತ್ತದೆ. ಅದಕ್ಕೇ ಆನೆಗೊಂದಿ ಕಡೆ ಮೊಣಕಾಲುದ್ದ ನೀರಿನಲ್ಲಿ ಮೊದಲು ರೇಕ್ ಎಳೆದು, ಉಳಿದದ್ದನ್ನು ಕೈಯಿಂದ ಕಿತ್ತು, ಒಣಗಿಸಿ ತೂಗಿದೆ. ಹೈಡ್ರಿಲ್ಲಾ ಬಹುಪಾಲು ರೇಕಿಗೇ ಬಂದಿತ್ತು. ವ್ಯಾಲಿಸ್ನೇರಿಯಾ ಅರ್ಧವೂ ಬಂದಿರಲಿಲ್ಲ. ಈಗ ಅದರ ಅಂಕ ಸರಿದೂಗಿಸಲು ಬೇರೆ ಗುಣಕ ಇಟ್ಟುಕೊಂಡಿದ್ದೇನೆ.

ಸುಮ್ನೆ ಕುತೂಹಲಕ್ಕೆ ಹೈಡ್ರಿಲ್ಲಾ ತುಂಡುಗಳನ್ನು ಬಕೆಟ್ಟಿನಲ್ಲೂ ಬಿಟ್ಟಿದ್ದೆ. ಒಂದೇ ಗಣ್ಣಿನ ಚೂರೂ ಚಿಗುರಿತು. ಅವತ್ತಿಂದ ಜಾಗ ಬದಲಿಸುವಾಗ ರೇಕ್, ಹಗ್ಗ, ತೆಪ್ಪದ ತಳ ಎಲ್ಲಾ ತೊಳೆಯದೆ ಹೊರಡುವುದಿಲ್ಲ.

2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಅದಕ್ಕೆ ಮುಂಚಿನ ಬೇಸಿಗೆಯ ಅಂಕಿ ನನ್ನ ಹತ್ತಿರ ಇತ್ತು. ಮುಂದಿನ ಬೇಸಿಗೆ ಅದೇ ಜಾಗಕ್ಕೆ ಹೋದೆ. ನಡುಹೊಳೆಯಲ್ಲಿ ಮೂರು, ನಾಲ್ಕು ಇದ್ದ ಅಂಕ ಸೊನ್ನೆ, ಒಂದಕ್ಕೆ ಇಳಿದಿತ್ತು. ದೊಡ್ಡ ಬಂಡೆಗಳ ಮರೆಯಲ್ಲಿ ಗಿಡ ಹಾಗೇ ಇತ್ತು. ಅಷ್ಟೂ ನೀರಿಗೆ ಆ ಒಂದೇ ಗೇಟ್ ಕಾರಣ ಎನ್ನುವುದಿಲ್ಲ, ಆ ಮಳೆಗಾಲವೇ ಜೋರಿತ್ತು. ಆದರೆ ಮರಳಿ ಬೆಳೆಯಲು ಬೀಜ, ಚೂರು ಎಲ್ಲಿಂದ ಬರಬೇಕು ಅನ್ನುವುದು ಈ ಲೆಕ್ಕದಲ್ಲಿ ಕಾಣುತ್ತದೆ. ಯಾವ ಡ್ರೋನ್ ಫೋಟೋದಲ್ಲೂ ಇದು ಸಿಗುತ್ತಿರಲಿಲ್ಲ.

ಒಂದು ಸೀಸನ್ನಿಗೆ ಅರವತ್ತು ಸಾವಿರದ ಆಸುಪಾಸು ಖರ್ಚು. ಅರ್ಧಕ್ಕಿಂತ ಜಾಸ್ತಿ ತೆಪ್ಪದವರ ಕೂಲಿ, ಅಲ್ಲಿ ಚೌಕಾಸಿ ಮಾಡಬೇಡಿ. ಬರುವ ಜನವರಿಗೆ ಕಂಪ್ಲಿಯಿಂದ ಕೆಳಗೆ ಇಳಿಯಬೇಕೆಂದಿದ್ದೇನೆ. ಅಲ್ಲಿ ಮರಳಿನ ತಳ ಸಿಕ್ಕರೆ ಹಲ್ಲು ಇನ್ನೊಂದಿಷ್ಟು ಉದ್ದ ಮಾಡಿಸಬೇಕು.