ಕೆಲ್ವಿನ್ ನಂಬರ್ ಕಳಿಸೋದು ಬಿಟ್ಟೆ, ಬಣ್ಣ ಕೂತಿತು: ನನ್ನ ಅನುಭವ

ಎರಡು ಬೇರೆ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿದ ಫೋಟೊ ಒಂದೇ ಆಲ್ಬಮ್‌ಗೆ ಹಾಕಿದ್ರೆ ಬಣ್ಣ ಸೇರೋದೇ ಇಲ್ಲ, ಸುಮ್ಮನೆ ಇನ್ನೊಂದು ಲೈಟ್‌ರೂಮ್ (ದುಡ್ಡು ಕಟ್ಟಿ ಬಳಸೋ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್) ತಗೊಳ್ಳಿ ಅಂತ ಎಲ್ಲರೂ ಹೇಳಿದ್ರು. ಆಲ್ಬಮ್ ಪ್ರಿಂಟ್ ಮಾಡೋ ಲ್ಯಾಬ್‌ನವರೂ ಅದನ್ನೇ ಹೇಳಿದ್ರು. ಈ ಸೀಸನ್‌ನಲ್ಲಿ ಹನ್ನೊಂದು ಮದುವೆ ಎರಡು ಸಾಫ್ಟ್‌ವೇರ್‌ನಲ್ಲೇ ಮಾಡಿ ಕೊಟ್ಟಿದ್ದೀನಿ. ಯಾವ ಪುಟ ಯಾರ ಎಡಿಟಿಂಗ್ ಅಂತ ಅದೇ ಲ್ಯಾಬ್‌ನಲ್ಲಿ ಕೇಳಿದೆ. ಗುರುತು ಸಿಗಲಿಲ್ಲ.

ನಾನಿರೋದು ಮಂಡ್ಯದಲ್ಲಿ. ಅಕ್ಕನ ಮಗ ಮೈಸೂರಲ್ಲಿ ಓದ್ತಾ ನನಗೆ ಎಡಿಟಿಂಗ್ ಮಾಡಿಕೊಡ್ತಾನೆ. ನನ್ನದು ಲೈಟ್‌ರೂಮ್. ಅವನ ಲ್ಯಾಪ್‌ಟಾಪ್‌ನಲ್ಲಿರೋದು ಲಿನಕ್ಸ್, ಅದರಲ್ಲಿ ಲೈಟ್‌ರೂಮ್ ಓಡಲ್ಲ. "ತಿಂಗ್ಳು ತಿಂಗ್ಳು ಯಾಕ್ ದುಡ್ಡು ಕಟ್ತೀರ ಮಾವ, ಡಾರ್ಕ್‌ಟೇಬಲ್ ಪುಕ್ಕಟೆ ಐತೆ" ಅಂದ. ಮುಹೂರ್ತ, ರಿಸೆಪ್ಷನ್ ನನಗೆ, ಚಪ್ಪರ ಮತ್ತು ಅರಿಶಿನ ಶಾಸ್ತ್ರ ಅವನಿಗೆ ಅಂತ ಹಂಚಿಕೊಂಡ್ವಿ.

ಮದ್ದೂರು ಕಡೆ ಒಂದು ಮದುವೆ. ಅರಿಶಿನದ ಒಂದು ಫೋಟೊ ನಾನೇ ಸರಿ ಮಾಡಿ, "ಟೆಂಪ್ 5200, ಟಿಂಟ್ +12, ಉಳಿದದ್ದಕ್ಕೆಲ್ಲ ಇದೇ ಹಾಕು" ಅಂತ ವಾಟ್ಸಾಪ್ ಮಾಡಿದೆ. ಟೆಂಪ್ ಅಂದ್ರೆ ಹಳದಿ-ನೀಲಿ ಹೊಂದಿಸೋ ಅಳತೆ, ಅದರ ಲೆಕ್ಕ ಕೆಲ್ವಿನ್‌ನಲ್ಲಿ. ಟಿಂಟ್ ಅಂದ್ರೆ ಹಸಿರು-ಮೆಜೆಂಟಾ (ಗುಲಾಬಿ ನೇರಳೆ) ಹೊಂದಿಸೋದು. ಅವನು 5200 ಹಾಕಿದ. ಲೈಟ್‌ರೂಮ್‌ನಲ್ಲಿ ಟಿಂಟ್ ಮೈನಸ್ 150ರಿಂದ ಪ್ಲಸ್ 150ರವರೆಗೆ ಓಡುತ್ತೆ, ಅವನದರಲ್ಲಿ ಅದು 1ರ ಆಚೆ ಈಚೆ ಇರೋ ದಶಮಾಂಶ. +12 ಎಲ್ಲಿ ಹಾಕಬೇಕು ಅಂತ ಗೊತ್ತಾಗದೆ ಬಿಟ್ಟುಬಿಟ್ಟ. ಮೆಜೆಂಟಾ ಹೋಯ್ತು, ಹಸಿರು ಉಳೀತು. ನಾನೂ ಮೊಬೈಲ್‌ನಲ್ಲೇ ನೋಡಿ ಪ್ರಿಂಟ್‌ಗೆ ಕಳಿಸಿದೆ. ಆಲ್ಬಮ್ ಬಿಚ್ಚಿದರೆ ಎಡಗಡೆ ಪುಟದಲ್ಲಿ ನನ್ನ ಫೋಟೊ, ಹುಡುಗಿ ಕೆನ್ನೆ ಮೇಲಿನ ಅರಿಶಿನ ಚೆಂಡುಹೂವಿನ ಹಾಗೆ ಇದೆ. ಬಲಗಡೆ ಅದೇ ಕೆನ್ನೆ, ಅದೇ ಅರಿಶಿನ, ಹಸಿ ನಿಂಬೆಕಾಯಿ ಬಣ್ಣ. ಹುಡುಗಿ ತಾಯಿ ಒಂದೇ ಮಾತು ಅಂದ್ರು: "ಏನಣ್ಣ, ನನ್ನ ಮಗಳಿಗೆ ಕಾಮಾಲೆ ಬಂದಂಗೆ ಮಾಡಿದ್ದೀರಲ್ಲ." ಹದಿನಾಲ್ಕು ಹಾಳೆ ಮತ್ತೆ ಪ್ರಿಂಟ್ ಹಾಕಿಸಿದೆ, ಕೈಯಿಂದ ಹನ್ನೊಂದು ಸಾವಿರದ ಹತ್ತಿರ ಹೋಯ್ತು. ಬರಬೇಕಿದ್ದ ಬಾಕಿಯಲ್ಲೂ ಎಂಟು ಸಾವಿರ ಮುರಿದುಕೊಂಡ್ರು. ಅವರ ತಪ್ಪಿಲ್ಲ.

ರಾ ಫೈಲ್‌ನಿಂದ (ಕ್ಯಾಮೆರಾ ಸೆನ್ಸರ್‌ನ ಹಸಿ ಫೈಲ್) ಸಾಫ್ಟ್‌ವೇರ್ ತಗೊಳ್ಳೋದು ಕೆಂಪನ್ನ ಎಷ್ಟು ಪಟ್ಟು, ನೀಲಿಯನ್ನ ಎಷ್ಟು ಪಟ್ಟು ಎತ್ತಬೇಕು ಅನ್ನೋ ಲೆಕ್ಕ. ಅದನ್ನ ಕೆಲ್ವಿನ್ ಮಾಡಿ ತೋರಿಸೋವಾಗ ಒಂದೊಂದು ಸಾಫ್ಟ್‌ವೇರೂ ತನ್ನದೇ ಮ್ಯಾಟ್ರಿಕ್ಸ್ (ಬಣ್ಣ ಪರಿವರ್ತಿಸೋ ಲೆಕ್ಕದ ಪಟ್ಟಿ) ಬಳಸುತ್ತೆ, ಅದಕ್ಕೇ ಒಂದೇ ನಂಬರ್‌ಗೆ ಬಣ್ಣ ಬೇರೆ ಬರುತ್ತೆ. ಪ್ರಿಸೆಟ್ (ಮೊದಲೇ ಸಿದ್ಧವಿರೋ ಸೆಟ್ಟಿಂಗ್) ಹೆಸರು ನಂಬಿದ್ರೂ ಅಷ್ಟೇ: ಟಂಗ್‌ಸ್ಟನ್ (ಹಳದಿ ಬಲ್ಬು) ಅಂದ್ರೆ ಕ್ಯಾನನ್‌ಗೆ 3200, ನಿಕಾನ್‌ಗೆ 3000, ಲೈಟ್‌ರೂಮ್‌ಗೆ 2850. ಬಿಸಿಲು ಎರಡೂ ಕ್ಯಾಮೆರಾಗೆ 5200, ಲೈಟ್‌ರೂಮ್‌ಗೆ 5500, ಜೊತೆಗೆ ಟಿಂಟ್ +10.

ಇಷ್ಟು ತಿಳಿದ ಮೇಲೂ ನಾನು ನಂಬರ್ ಹಿಂದೆಯೇ ಬಿದ್ದಿದ್ದೆ. ಒಂದು ನೋಟ್‌ಬುಕ್‌ನಲ್ಲಿ "ಲೈಟ್‌ರೂಮ್‌ನಲ್ಲಿ ಇಷ್ಟಿದ್ರೆ ಅವನದರಲ್ಲಿ ಇಷ್ಟು" ಅಂತ ಪಟ್ಟಿ ಬರೆದೆ. ಬಿಸಿಲಲ್ಲಿ ಸರಿಹೋಯ್ತು. ಹಳದಿ ಬಲ್ಬಿನ ಕೆಳಗೆ ಅದೇ ವ್ಯತ್ಯಾಸ ಕೂಡಿಸಿದ್ರೆ ಕೆಟ್ಟು ಕೂತ್ಕೊಳ್ತು, ಎರಡು ಸಾಫ್ಟ್‌ವೇರ್ ನಡುವಿನ ಅಂತರ ಎಲ್ಲ ಬೆಳಕಿಗೂ ಒಂದೇ ಇರಲ್ಲ. ಕ್ಯಾಮೆರಾ ಬಾಡಿ ಬದಲಾದ್ರೆ ಮತ್ತೆ ಬೇರೆ. ಅದರ ಮೇಲೆ ಹುಡುಗ ಡಾರ್ಕ್‌ಟೇಬಲ್‌ನ ವೈಟ್ ಬ್ಯಾಲೆನ್ಸ್ (ಬಿಳಿಯನ್ನ ಬಿಳಿಯಾಗಿ ತೋರಿಸೋ ಹೊಂದಾಣಿಕೆ) ಮಾಡ್ಯೂಲ್‌ನಲ್ಲೂ ತಿರುಗಿಸಿ, ಕಲರ್ ಕ್ಯಾಲಿಬ್ರೇಷನ್‌ನಲ್ಲೂ ತಿರುಗಿಸಿದ್ದ. ಮೊದಲನೆಯದನ್ನ ಕ್ಯಾಮೆರಾ ರೆಫರೆನ್ಸ್ ಅನ್ನೋ ಸೆಟ್ಟಿಂಗ್‌ನಲ್ಲಿ ಬಿಟ್ಟು ಎರಡನೆಯದರಲ್ಲಿ ಮಾತ್ರ ಮಾಡಬೇಕು. ಎರಡು ತಿಂಗಳು ಹೀಗೇ ಹೋಯ್ತು.

ಕೊನೆಗೆ ನಂಬರ್ ಬದಲು ಕಾರ್ಡ್ ಕಳಿಸೋದು ಶುರು ಮಾಡಿದೆ. ಬೆಳಕು ಬದಲಾದ ಕಡೆಯೆಲ್ಲ ಗ್ರೇ ಕಾರ್ಡ್ (ಯಾವ ಬಣ್ಣದ ಛಾಯೆಯೂ ಇಲ್ಲದ ಬೂದು ಕಾರ್ಡ್) ಹಿಡಿದು ಒಂದು ಫ್ರೇಮ್. ಇದು ಬೂದು ಅಂತ ಸಾಫ್ಟ್‌ವೇರ್‌ಗೆ ತೋರಿಸೋಕೆ ಅವನೂ ಅದರ ಮೇಲೇ ಕ್ಲಿಕ್ ಮಾಡಬೇಕು, ನಾನೂ ಅದರ ಮೇಲೇ. ಅವನಿಗೆ ಎಷ್ಟು ಕೆಲ್ವಿನ್ ಬಂತು ಅಂತ ನಾನು ಕೇಳಲ್ಲ. ಕಾರ್ಡ್ ಬೆಲೆ ನಾನೂರು ರೂಪಾಯಿ ಇರಬೇಕು.

ಕಾರ್ಡ್ ಮರೆತ ಒಂದು ದಿನ ಪುರೋಹಿತರ ಬಿಳಿ ಪಂಚೆ ಮೇಲೆ ಕ್ಲಿಕ್ ಮಾಡಿದೆ. ಬಿಸಿಲಲ್ಲಿ ಫೋಟೊ ಪೂರ್ತಿ ಹಳದಿ ತಿರುಗಿತು. ಸೋಪಿನ ಪುಡಿಯಲ್ಲಿರೋ ಬಿಳುಪು ಕೊಡೋ ರಾಸಾಯನಿಕ ಬಿಸಿಲಿನ ಅಲ್ಟ್ರಾವೈಲೆಟ್ ಹೀರಿ ನೀಲಿ ಬೆಳಕು ಬಿಡುತ್ತೆ, ಸಾಲದ್ದಕ್ಕೆ ನೀಲಿ ಬೇರೆ ಹಾಕಿ ಒಗೆದಿರ್ತಾರೆ. ಆ ನೀಲಿಯನ್ನ ಬೂದು ಅಂದುಕೊಂಡು ಸಾಫ್ಟ್‌ವೇರ್ ಕಡಿಮೆ ಮಾಡಿಬಿಡುತ್ತೆ. ವಿಭೂತಿ ಪಟ್ಟೆಯನ್ನೂ ಪ್ರಯತ್ನಿಸಿದೆ. ದಪ್ಪಗೆ ಹಚ್ಚಿದ್ರೆ ಪರವಾಗಿಲ್ಲ, ತೆಳ್ಳಗಿದ್ರೆ ಒಳಗಿನ ಚರ್ಮದ ಬಣ್ಣ ಸೇರಿಕೊಳ್ಳುತ್ತೆ. ಇನ್ನೊಂದು: ಕಾರ್ಡ್ ಓವರ್ ಎಕ್ಸ್‌ಪೋಸ್ ಆಗಿ ಒಂದು ಚಾನೆಲ್ (ಕೆಂಪು, ಹಸಿರು, ನೀಲಿಯಲ್ಲೊಂದು) ಕ್ಲಿಪ್ ಆಗಿದ್ರೆ, ಅಂದ್ರೆ ಮಿತಿ ಮುಟ್ಟಿ ವಿವರ ಕಳೆದುಕೊಂಡಿದ್ರೆ, ಆ ಫ್ರೇಮ್ ಎಸೀರಿ.

ಬೂದು ಸೇರಿತು, ಅರಿಶಿನ ಆಗಲೂ ಸೇರಲಿಲ್ಲ. ಲ್ಯಾಬ್‌ನವರು "ನಾವು ಹೇಳಿರಲಿಲ್ವಾ" ಅಂದ್ರು. ಅದು ವೈಟ್ ಬ್ಯಾಲೆನ್ಸ್ ಅಲ್ಲ, ಪ್ರೊಫೈಲ್ ವಿಷಯ, ಅಂದ್ರೆ ಕ್ಯಾಮೆರಾ ಹಿಡಿದ ಒಂದೊಂದು ಬಣ್ಣವನ್ನೂ ಸಾಫ್ಟ್‌ವೇರ್ ಹೇಗೆ ಓದಬೇಕು ಅಂತ ಹೇಳೋ ಫೈಲ್. ಕಲರ್‌ಚೆಕರ್ ಪಾಸ್‌ಪೋರ್ಟ್ (ಅಳೆದಿಟ್ಟ ಬಣ್ಣದ ಚೌಕಗಳಿರೋ ಚಿಕ್ಕ ಚಾರ್ಟ್) ತರಿಸಿದೆ, ಹತ್ತು ಸಾವಿರದ ಹತ್ತಿರ ಆಯ್ತು, ಮನೆಯಲ್ಲಿ ಹೇಳಿರಲಿಲ್ಲ. ನಮ್ಮ ಎರಡು ಬಾಡಿಗೂ ಬಿಸಿಲು ಮತ್ತು ಹಳದಿ ಬಲ್ಬು ಎರಡರಲ್ಲೂ ಚಾರ್ಟ್ ತೆಗೆದು ಡಿಸಿಪಿ ಅನ್ನೋ ಮಾದರಿಯ ಪ್ರೊಫೈಲ್ ಮಾಡಿದೆ. ಡಾರ್ಕ್‌ಟೇಬಲ್ ಡಿಸಿಪಿ ತಗೊಳ್ಳಲ್ಲ, ರಾ ಥೆರಪಿ ತಗೊಳ್ಳುತ್ತೆ, ಅದೂ ಪುಕ್ಕಟೆ. ಹುಡುಗನನ್ನ ಅದಕ್ಕೆ ಬದಲಾಯಿಸಿದೆ, ಒಂದು ವಾರ ಮುಖ ಊದಿಸಿಕೊಂಡಿದ್ದ. ಈಗ ಎರಡೂ ಕಡೆ ಒಂದೇ ಪ್ರೊಫೈಲ್ ಫೈಲ್, ಒಂದೇ ಕಾರ್ಡ್. ಅರಿಶಿನ ಅರಿಶಿನವಾಗಿಯೇ ಬಂತು, ಧಾರೆ ಸೀರೆಯ ಕೆಂಪಂಚೂ ಕೂತಿತು. ಕೆಲ್ವಿನ್ ಈಗಲೂ ಒಂದರಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ತೋರಿಸುತ್ತೆ, ತೋರಿಸಲಿ. ಅವನ ಕಡೆ ಕಾಂಟ್ರಾಸ್ಟ್ ಸಪ್ಪೆ ಬರ್ತಿತ್ತು, ಅದಕ್ಕೊಂದು ಕರ್ವ್ (ಬೆಳಕು ನೆರಳು ಹೊಂದಿಸೋ ಗೆರೆ) ಮಾಡಿ ಪ್ರಿಸೆಟ್ ಇಟ್ಟಿದ್ದೀನಿ. ಮೂರು ವಾರದ ಕಷ್ಟ ಅದು, ಆ ಕರ್ವ್ ಮಾತ್ರ ಕೊಡಲ್ಲ.

ಛತ್ರಗಳ ಅಗ್ಗದ ಎಲ್‌ಇಡಿ ಕೆಳಗೆ ಶಟರ್ 1/100 ಸೆಕೆಂಡಿಗಿಂತ ವೇಗ ಮಾಡಬೇಡಿ. ಕರೆಂಟ್ 50 ಹರ್ಟ್ಸ್, ಬೆಳಕು ಸೆಕೆಂಡಿಗೆ ನೂರು ಸಲ ಏರಿಳಿಯುತ್ತೆ, ಒಂದೊಂದು ಫ್ರೇಮ್‌ಗೂ ಒಂದೊಂದು ಬಣ್ಣ ಬಂದ್ರೆ ಯಾವ ಕಾರ್ಡೂ ಕಾಪಾಡಲ್ಲ.

ಒಂದು ಭಾನುವಾರ ಸಂಜೆ ದೀಪ ಹಾಕೋ ಹೊತ್ತಿಗೆ ಇಬ್ಬರೂ ಮೈಸೂರು ಅರಮನೆಗೆ ಹೋದ್ವಿ. ಲಕ್ಷದ ಹತ್ತಿರ ಬಲ್ಬು. ಜನರ ಮಧ್ಯೆ ಕಾರ್ಡ್ ಹಿಡಿದು ನಿಂತಿದ್ದೆ. ಗ್ರೇ ಮೇಲೆ ಕ್ಲಿಕ್ ಮಾಡಿದ್ರೆ ಲೆಕ್ಕಕ್ಕೆ ಸರಿ, ಆದರೆ ಅರಮನೆ ಸುಣ್ಣ ಬಳಿದಂಗೆ ಬೆಳ್ಳಗಾಯ್ತು, ಆ ಹೊಂಬಣ್ಣವೇ ಇಲ್ಲ. ಬೆಚ್ಚಗೆ ಇಡಬೇಕು, ಅಂದ್ರೆ ಹಳದಿ ಛಾಯೆ ಉಳಿಸಬೇಕು, ಹಾಗಂತ ನಂಬರ್ ಕಳಿಸೋ ಹಾಗಿಲ್ಲ. ಕಲರ್‌ಚೆಕರ್ ಪಾಸ್‌ಪೋರ್ಟ್‌ನಲ್ಲಿ ಫೋಟೊ ಬೆಚ್ಚಗೆ ಮಾಡೋಕೆ ಅಂತಲೇ ನಸುನೀಲಿ ಚೌಕಗಳಿವೆ. ನೀಲಿ ಚೌಕವನ್ನ ಬೂದು ಅಂತ ನಂಬಿಸಿದ್ರೆ ಫೋಟೊ ಹಳದಿ ಕಡೆ ವಾಲುತ್ತೆ. ಒಂದು ಚೌಕ ಆರಿಸಿ ನಾನು ಲೈಟ್‌ರೂಮ್‌ನಲ್ಲಿ, ಅವನು ರಾ ಥೆರಪಿಯಲ್ಲಿ ಅದರ ಮೇಲೇ ಕ್ಲಿಕ್ ಮಾಡಿದ್ವಿ. ಪಕ್ಕಪಕ್ಕ ಇಟ್ಟಾಗ ಗೋಪುರದ ಬಂಗಾರ ಎರಡರಲ್ಲೂ ಒಂದೇ. ರಿಸೆಪ್ಷನ್ ಸ್ಟೇಜ್‌ಗೂ ಈಗ ಅದೇ ಚೌಕ ಬಳಸ್ತೀವಿ. ಎಷ್ಟನೆಯದು ಅಂತ ಕೇಳಬೇಡಿ, ನಿಮ್ಮ ಕ್ಯಾಮೆರಾಗೆ ನೀವೇ ಒಂದು ಸಂಜೆ ಕೂತು ಹುಡುಕಿ.